ಒಂದು ಲೋಟ ನೀರೂ ಕುಡಿಯದ ಇನ್‌ಸ್ಪೆಕ್ಟರು

ನನ್ನ ಸೋದರಮಾವನ ವೈಕುಂಠ ಸಮಾರಾಧನೆಯ ದಿನ ದೆಹಲಿಯ ದ್ವಾರಕಾದ ಅವರ ಸೊಸೈಟಿಯ ಹಾಲಿನಲ್ಲಿ ಸೇರಿದ್ದ ಕನ್ನಡದವರೆಲ್ಲ ಒಂದೇ ಮಾತು ಹೇಳಿದರು. ಅಷ್ಟು ವರ್ಷ ಕಾರ್ಖಾನೆಗಳ ಇನ್‌ಸ್ಪೆಕ್ಟರ್ ಆಗಿದ್ದ ಮನುಷ್ಯ, ಒಂದೇ ಒಂದು ಕಾರ್ಖಾನೆಯಲ್ಲೂ ಒಂದು ಲೋಟ ನೀರು ಕುಡಿದವರಲ್ಲ. ಹೇಳಿದವರು ಕಣ್ಣೊರೆಸಿಕೊಂಡರು. ನಾನೂ ಕಣ್ಣೊರೆಸಿಕೊಂಡೆ, ಯಾಕೆಂದರೆ ಅವರೆಂದರೆ ನನಗೆ ಪ್ರಾಣ. ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಅವರ ಕೆಟ್ಟತನದ ಬಗ್ಗೆ ಹೇಳುತ್ತಿಲ್ಲ. ಅದು ಅವರಲ್ಲಿ ಇರಲೇ ಇಲ್ಲ. ನನ್ನ ಸಿಟ್ಟು ಇರುವುದು ಅವರ ಒಳ್ಳೆಯತನದ ಮೇಲೆ.

ಎರಡು ಸಾವಿರದ ದಶಕದ ನಡುವಿನ ವರ್ಷಗಳಲ್ಲಿ ನಾನು ಸಂಶೋಧನೆ ಮಾಡಿಕೊಂಡು ದೆಹಲಿಯ ಮುನಿರ್ಕಾದಲ್ಲಿ ಬಾಡಿಗೆಗಿದ್ದೆ. ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳೆಲ್ಲ ಬಂದು ಬೀಳುತ್ತಿದ್ದ ಜಾಗ ಅದು. ಎದುರುಬದುರು ಮನೆಯವರು ಬಾಲ್ಕನಿಯಿಂದ ಕೈ ಚಾಚಿದರೆ ಒಬ್ಬರ ಸಕ್ಕರೆ ಡಬ್ಬ ಇನ್ನೊಬ್ಬರಿಗೆ ಸಿಗುತ್ತಿತ್ತು. ನನ್ನ ಸಂಶೋಧನೆಯ ವಿಷಯ, ಬ್ರಿಟಿಷರ ಕಾಲದಲ್ಲಿ ಮೊದಮೊದಲ ಕಾರ್ಖಾನೆ ಕಾಯಿದೆ, ಅಂಗಡಿ ಕಾಯಿದೆಗಳನ್ನು ಈ ದೇಶದಲ್ಲಿ ಜಾರಿ ಮಾಡಿದ್ದು ಹೇಗೆ ಎಂಬುದು. ಜಾರಿ ಮಾಡಿದ್ದು ಹೇಗೆ ಎನ್ನುವುದಕ್ಕಿಂತ ಜಾರಿಸಿದ್ದು ಹೇಗೆ ಎಂದು ಹೆಸರಿಟ್ಟಿದ್ದರೆ ಸರಿಯಾಗುತ್ತಿತ್ತೇನೋ. ದಿನವಿಡೀ ಪತ್ರಾಗಾರದಲ್ಲಿ ಕೂತು ಹಳೆಯ ತಪಾಸಣಾ ವರದಿಗಳನ್ನು ಓದುವುದು, ಸಂಜೆ ಬಸ್ಸಿನಲ್ಲಿ ಜೋತುಬಿದ್ದು ಬರುವುದು, ರೂಮಿಗೆ ಬಂದು ಸತ್ತು ನೂರು ವರ್ಷವಾದ ಬಿಳಿಯ ಸಾಹೇಬರನ್ನು ಬಾಯಿಗೆ ಬಂದ ಹಾಗೆ ಬೈಯುವುದು. ಇದೇ ನನ್ನ ದಿನಚರಿ.

ಬೈಯದೆ ಏನು ಮಾಡಲಿ? ಹೆಂಗಸರನ್ನು, ಮಕ್ಕಳನ್ನು ಇಷ್ಟು ಹೊತ್ತಿಗಿಂತ ಹೆಚ್ಚು ದುಡಿಸಬಾರದು ಎಂದು ಕಾಯಿದೆ ಬಂತು. ನೋಡಿಕೊಳ್ಳುವುದಕ್ಕೆ ಒಬ್ಬ ಸಾಹೇಬನನ್ನು ನೇಮಿಸಿದರು. ಅವನಿಗೆ ಕಂದಾಯ, ಕೋರ್ಟು, ಕಾಲರಾ ಎಂದು ನೂರೆಂಟು ಕೆಲಸ. ಮಿಲ್ಲಿನ ಮ್ಯಾನೇಜರನೂ ಅದೇ ಕ್ಲಬ್ಬಿನವನು. ಇಂಥ ದಿನ ಬರುತ್ತೇನೆ ಎಂದು ಸಾಹೇಬ ಮುಂಚೆಯೇ ಹೇಳಿ ಕಳಿಸುತ್ತಿದ್ದ. ಆ ದಿನ ಹುಡುಗರು ಹತ್ತಿಯ ಮೂಟೆಗಳ ಹಿಂದೆ, ಹೆಂಗಸರು ಮನೆಯಲ್ಲಿ. ಸಾಹೇಬ ಮ್ಯಾನೇಜರನ ಬಂಗಲೆಯಲ್ಲಿ ಊಟ ಮಾಡಿ, ಮಿಲ್ಲಿಗೊಂದು ಸುತ್ತು ಹಾಕಿ, ಎಲ್ಲ ಚೆನ್ನಾಗಿದೆ ಎಂದು ಬರೆದು ಹೋಗುತ್ತಿದ್ದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥವರಿಗೇ ಹೇಳಿಮಾಡಿಸಿದ ಮಾತು ಎಂದುಕೊಳ್ಳುತ್ತಿದ್ದೆ. ಹೀಗೆ ಬೈದು ಸುಸ್ತಾದಾಗ ನನಗೆ ಸಮಾಧಾನ ಕೊಡುತ್ತಿದ್ದದ್ದು ಮಾಮ.

ಮಾಮ ಎಂದರೆ ಅಮ್ಮನ ಅಣ್ಣ. ದೆಹಲಿಯಲ್ಲಿ ನನಗಿದ್ದ ಒಂದೇ ಹತ್ತಿರದ ಸಂಬಂಧ. ಭಾನುವಾರ ಬಂದರೆ ದ್ವಾರಕಾಕ್ಕೆ ಹೋಗುತ್ತಿದ್ದೆ. ಅತ್ತೆಯ ಕೈಯ ಹುಳಿ, ಪಲ್ಯ, ಹಪ್ಪಳ. ಊಟವಾದ ಮೇಲೆ ನಾನೂ ಮಾಮನೂ ಕೂತು ಮಾತಾಡುವುದು. ಇನ್‌ಸ್ಪೆಕ್ಟರನ ಕೆಲಸವನ್ನು ನಾನು ಕಾಗದದಲ್ಲಿ ಓದುತ್ತಿದ್ದೆ, ಅವರು ಅದನ್ನೇ ಮಾಡುತ್ತಿದ್ದರು. ನನ್ನ ಅದೃಷ್ಟ ಎಂದುಕೊಂಡಿದ್ದೆ.

ನಮ್ಮ ಅಜ್ಜಿ ಮಡಿಯುಟ್ಟು ಅಡುಗೆಮನೆಗೆ ಹೋದರೆ ಯಾರನ್ನೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಮಾಮ ಆ ಮಡಿಯನ್ನೆಲ್ಲ ಎಂದೋ ಬಿಟ್ಟವರು, ಯಾರ ಮನೆಯಲ್ಲಿ ಏನು ಕೊಟ್ಟರೂ ತಿನ್ನುವವರು. ಆದರೆ ಕಾರ್ಖಾನೆಗೆ ಹೊರಟ ದಿನ ಅವರು ಅಜ್ಜಿಯ ಮಗನೇ. ಸ್ಟೀಲ್ ಡಬ್ಬದಲ್ಲಿ ಮೊಸರನ್ನ, ನಿಂಬೆಕಾಯಿ ಉಪ್ಪಿನಕಾಯಿ, ನೀರಿನ ಬಾಟಲಿ, ಸಣ್ಣ ಫ್ಲಾಸ್ಕಿನಲ್ಲಿ ಕಾಫಿ. ಕೈ ಒರೆಸಿಕೊಳ್ಳಲು ತಮ್ಮದೇ ಟವೆಲ್ಲು. ಆಫೀಸಿನ ಜೀಪು ಸಿಗದಿದ್ದರೆ ಬಸ್ಸು. ಕಾರ್ಖಾನೆಯವರು ಕಾರು ಕಳಿಸಿದರೆ ಡ್ರೈವರಿಗೆ ಕೈಮುಗಿದು ವಾಪಸು ಕಳಿಸುತ್ತಿದ್ದರು. ಮಧ್ಯಾಹ್ನ ಗೇಟಿನ ಹೊರಗೆ ಯಾವುದಾದರೂ ಬೇವಿನ ಮರದ ಕೆಳಗೆ ಕೂತು ತಮ್ಮ ಡಬ್ಬ ಬಿಚ್ಚುತ್ತಿದ್ದರು. ಆ ಇಡೀ ಇಲಾಖೆಯಲ್ಲಿ ಇಂಥವರು ಇನ್ನೊಬ್ಬರಿರಲಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಬಂಗಲೆಯಲ್ಲಿ ಉಂಡ ಸಾಹೇಬನೆಲ್ಲಿ, ಬೇವಿನ ಮರದ ಕೆಳಗಿನ ನನ್ನ ಮಾಮನೆಲ್ಲಿ ಎಂದು ನಾನು ಬೀಗುತ್ತಿದ್ದೆ.

ಮುನಿರ್ಕಾದಲ್ಲಿ ನನ್ನ ಪಕ್ಕದ ರೂಮಿನಲ್ಲಿ ಬಿಹಾರದ ಒಂದು ಸಂಸಾರವಿತ್ತು. ಗಂಡ ಯಾವುದೋ ಗೇಟಿನಲ್ಲಿ ರಾತ್ರಿ ಪಾಳಿಯ ಗಾರ್ಡು. ಹೆಂಡತಿ ಓಖ್ಲಾದಲ್ಲಿ ರಫ್ತಿನ ಬಟ್ಟೆ ಹೊಲಿಯುವ ಒಂದು ಕಾರ್ಖಾನೆಯಲ್ಲಿ ದಾರ ಕತ್ತರಿಸುವ ಕೆಲಸಕ್ಕಿದ್ದಳು. ಹೊಲಿದು ಬಂದ ಅಂಗಿಗಳಲ್ಲಿ ಇಳಿಬಿದ್ದ ದಾರದ ಎಳೆಗಳನ್ನು ದಿನವಿಡೀ ನಿಂತುಕೊಂಡು ಕತ್ತರಿಸುವುದು. ನಾನು ಅವಳನ್ನು ಭಾಬಿ ಎನ್ನುತ್ತಿದ್ದೆ, ಅವಳು ನನ್ನನ್ನು ದೀದಿ ಎನ್ನುತ್ತಿದ್ದಳು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅವಳಿಗೆ ಇನ್ನೂ ಎದೆಹಾಲು ಕುಡಿಯುವ ಹೆಣ್ಣುಮಗುವಿತ್ತು. ಗುಂಡುಗುಂಡಾದ, ಯಾರನ್ನು ಕಂಡರೂ ಕೈ ಚಾಚುವ ಮಗು.

ಬೆಳಿಗ್ಗೆ ಭಾಬಿ ಕೆಲಸಕ್ಕೆ ಹೋದ ಮೇಲೆ ಮಗು ಗಂಡನ ಪಾಲು. ರಾತ್ರಿಯೆಲ್ಲ ನಿಂತು ಬಂದವನಿಗೆ ಕಣ್ಣು ತೆರೆದಿಡುವುದೇ ಕಷ್ಟ. ಅವನು ಮಗುವಿನ ಸೊಂಟಕ್ಕೆ ಹಳೆಯ ದುಪಟ್ಟಾ ಕಟ್ಟಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ ನಿದ್ದೆಹೋಗುತ್ತಿದ್ದ. ನಾನಿದ್ದ ದಿನ ಎತ್ತಿಕೊಂಡು ಬಂದು ನನ್ನ ರೂಮಿನಲ್ಲಿ ಆಡಿಸುತ್ತಿದ್ದೆ. ನಾನಿಲ್ಲದ ಒಂದು ದಿನ ಗಂಟು ಸಡಿಲಾಗಿ ಮಗು ಅಂಬೆಗಾಲಿಟ್ಟುಕೊಂಡು ಮೆಟ್ಟಿಲ ತುದಿಗೆ ಹೋಗಿತ್ತು. ಮುನಿರ್ಕಾದ ಆ ಮೆಟ್ಟಿಲುಗಳಿಗೆ ಕೈಕಂಬಿಯೇ ಇರಲಿಲ್ಲ. ಕೆಳಗಿನ ಮನೆಯವಳು ನೋಡಿ ಕಿರುಚಿದ್ದರಿಂದ ಉಳಿಯಿತು. ಅವತ್ತು ಗಂಡಹೆಂಡತಿಗೆ ದೊಡ್ಡ ಜಗಳವಾಯಿತು. ಮಗುವನ್ನು ಊರಿಗೆ, ತನ್ನ ತಾಯಿಯ ಹತ್ತಿರ ಬಿಟ್ಟುಬರೋಣ ಎಂದ ಗಂಡ. ಭಾಬಿ ನನ್ನ ರೂಮಿಗೆ ಬಂದು ಮಗುವನ್ನು ಅವಚಿಕೊಂಡು ಕೂತಳು.

‘ಊರಿಗೆ ಕಳಿಸಿದ್ರೆ ಮುಗೀತು ದೀದಿ. ಮುಂದಿನ ಛಠ್ ಹಬ್ಬಕ್ಕೆ ಹೋಗೋ ಹೊತ್ತಿಗೆ ಇವಳಿಗೆ ನಾನು ಯಾರು ಅಂತಾನೇ ಗೊತ್ತಿರಲ್ಲ,’ ಎಂದಳು. ಅವಳ ಹಿಂದಿಯನ್ನು ನಾನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನಗೆ ತಕ್ಷಣ ಕಾಯಿದೆ ನೆನಪಾಯಿತು. ನನ್ನಂಥವರಿಗೆ ಬೇರೇನು ನೆನಪಾಗುತ್ತದೆ? ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಅವರ ಮಕ್ಕಳಿಗಾಗಿ ಶಿಶುಗೃಹ ಇರಲೇಬೇಕು, ತಾಯಂದಿರಿಗೆ ನಡುನಡುವೆ ಹೋಗಿ ಹಾಲು ಕೊಡಲು ಬಿಡುವು ಕೊಡಲೇಬೇಕು. ನಿಮ್ಮಲ್ಲಿ ಎಷ್ಟು ಹೆಂಗಸರಿದ್ದೀರಿ ಎಂದು ಕೇಳಿದೆ. ಒಂದು ಮಹಡಿಯಲ್ಲೇ ಅದಕ್ಕಿಂತ ಜಾಸ್ತಿ ಎಂದಳು. ಹಾಗಾದರೆ ಶಿಶುಗೃಹ?

‘ಇದೆಯಲ್ಲ,’ ಎಂದಳು ಭಾಬಿ. ‘ಕೆಳಗೆ ಪ್ಯಾಕಿಂಗ್ ಪಕ್ಕದ ಕೋಣೆ. ಬಾಗಿಲ ಮೇಲೆ ಆನೆ, ಗಿಳಿ ಎಲ್ಲ ಬರೆಸಿದ್ದಾರೆ. ಒಳಗೆ ಖಾಲಿ ಡಬ್ಬಗಳನ್ನು ತುಂಬಿ ಬೀಗ ಹಾಕಿದ್ದಾರೆ.’

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದರೆ ಇದು. ನನಗೆ ಎಷ್ಟು ಸಿಟ್ಟು ಬಂತೆಂದರೆ ಭಾನುವಾರದವರೆಗೆ ಕಾಯುವುದೇ ಕಷ್ಟವಾಯಿತು. ಆದರೆ ಒಳಗೊಳಗೇ ಖುಷಿಯೂ ಇತ್ತು, ಸುಳ್ಳೇಕೆ ಹೇಳಲಿ. ಭಾಬಿಯ ಭುಜ ತಟ್ಟಿ, ‘ನಮ್ಮ ಮಾಮ ಇದ್ದಾರೆ, ನೋಡ್ತಿರು,’ ಎಂದೆ.

ಭಾನುವಾರ ಊಟವಾದ ಮೇಲೆ ಮಾಮನಿಗೆ ಎಲ್ಲ ಹೇಳಿದೆ. ಪಕ್ಕದ ಮನೆಯವಳು ಎಂದು ಮಾತ್ರ ಹೇಳಲಿಲ್ಲ. ದೂರು ಕೊಟ್ಟವರು ಯಾರೆಂದು ಅವರೂ ಕೇಳುವವರಲ್ಲ, ಕೇಳಲಿಲ್ಲ. ಕಾರ್ಖಾನೆಯ ಹೆಸರು ಹೇಳಿದ ಕೂಡಲೇ ಅವರ ಕಣ್ಣು ಹೊಳೆಯಿತು. ‘ಇದು ನನ್ನ ವ್ಯಾಪ್ತಿಯಲ್ಲೇ ಬರುತ್ತೆ ಮರಿ. ಈ ವಾರವೇ ಹೋಗ್ತೀನಿ. ಮಕ್ಕಳ ಕೋಣೆಗೆ ಬೀಗ ಹಾಕ್ತಾರಾ?’ ಎಂದು ಎದ್ದು ಹೋಗಿ ತಮ್ಮ ಡೈರಿ ತಂದರು. ನಂಬರ್ ಹುಡುಕಿದರು. ಸೋಮವಾರ ಬೆಳಿಗ್ಗೆ ಮೊದಲು ಕಾರ್ಖಾನೆಗೆ ಫೋನ್ ಮಾಡಬೇಕು ಎಂದು ಬರೆದುಕೊಂಡರು.

‘ಫೋನ್ ಯಾಕೆ ಮಾಮ?’

‘ಬರ್ತಿದ್ದೀನಿ ಅಂತ ಹೇಳೋಕೆ.’

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ನಕ್ಕೆ. ಅವರು ನಗಲಿಲ್ಲ.

‘ಹೇಳಿ ಹೋದ್ರೆ ಬೀಗ ತೆಗೆದಿಟ್ಟಿರ್ತಾರಲ್ಲ ಮಾಮ!’

‘ಹೇಳದೆ ಹೋಗೋರು ಯಾರು ಗೊತ್ತಾ ನಿನಗೆ?’ ಎಂದರು ಮಾಮ. ಅವರ ದನಿ ಸ್ವಲ್ಪ ಗಡುಸಾಯಿತು. ‘ವಸೂಲಿಗೆ ಹೋಗೋರು. ನಮ್ಮ ಆಫೀಸಲ್ಲಿ ಇದ್ದಾರೆ ಅಂಥವರು. ದಿಢೀರ್ ಅಂತ ನುಗ್ತಾರೆ, ಮಾಲೀಕ ಬೆವರ್ತಾನೆ, ಎಷ್ಟು ಬೆವರಿದ ಅಂತ ನೋಡಿ ರೇಟು ಹೇಳ್ತಾರೆ. ನಾನು ಇಷ್ಟು ವರ್ಷದಲ್ಲಿ ಯಾವತ್ತೂ ಹೇಳದೆ ಯಾರ ಬಾಗಿಲಿಗೂ ಹೋಗಿಲ್ಲ. ನನ್ನ ಕೈ ಶುದ್ಧ ಅನ್ನೋದಕ್ಕೆ ಅದೇ ಸಾಕ್ಷಿ.’

ಸೋಫಾದಲ್ಲಿ ಕಾಲು ಚಾಚಿ ಮೊಬೈಲು ಒತ್ತುತ್ತಿದ್ದ ಅವರ ಮಗಳು, ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದವಳು, ತಲೆ ಎತ್ತಿದಳು. ‘ಪಾಪಾ, ನಮ್ ಸ್ಕೂಲಲ್ಲೂ ಸೇಮ್ ಥಾ. ಇನ್‌ಸ್ಪೆಕ್ಷನ್ ಡೇ ಲ್ಯಾಬ್ ಓಪನ್, ನೆಕ್ಸ್ಟ್ ಡೇ ತಾಲಾ ಬಂದ್,’ ಎಂದಳು ತನ್ನ ಅರೆಹಿಂದಿ ಕನ್ನಡದಲ್ಲಿ.

‘ನೀನು ಓದ್ಕೋ,’ ಎಂದರು ಮಾಮ.

ನಾನು ವಾದ ಮಾಡಿದೆ. ಬಿಳಿಯ ಸಾಹೇಬರ ಕತೆಯನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ‘ಆ ಸಾಹೇಬರು ಅವರ ಊಟ ಉಂಡು ಬರ್ತಿದ್ರು. ನಾನು ಅವರ ನೀರೂ ಮುಟ್ಟಲ್ಲ. ವ್ಯತ್ಯಾಸ ಇಲ್ವಾ?’ ಎಂದರು. ಅತ್ತೆ ಕಾಫಿ ತಂದರು, ಮಾತು ಅಲ್ಲಿಗೆ ನಿಂತಿತು. ವ್ಯತ್ಯಾಸ ಇದೆಯೆಂದು ನನಗೂ ಅನ್ನಿಸಿತ್ತು.

ಸೋಮವಾರ ಸಂಜೆ ಭಾಬಿ ಮೆಟ್ಟಿಲನ್ನು ಓಡಿಕೊಂಡೇ ಹತ್ತಿ ಬಂದಳು. ‘ದೀದಿ, ನಾಳೆ ಮಕ್ಕಳನ್ನು ಕರ್ಕೊಂಡು ಬನ್ನಿ ಅಂದಿದ್ದಾರೆ! ಕೋಣೆ ಖಾಲಿ ಮಾಡಿಸಿ ತೊಳೆಸಿದ್ರು. ಜೋಕಾಲಿ ಬಂತು, ಚೆಂಡು ಬಂತು, ಹೊಸ ಹಾಸಿಗೆ ಬಂತು. ನಿಮ್ಮ ಮಾಮಾಜಿ ದೇವರು!’ ಎಂದಳು. ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವಳು ಒಳಗೆ ಹೋಗಿ ಮಗುವಿಗೆ ಎಣ್ಣೆ ತಿಕ್ಕಲು ಶುರುಮಾಡಿದ ಮೇಲೆ ನಾನು ಕೆಳಗಿನ ಎಸ್‌ಟಿಡಿ ಅಂಗಡಿಗೆ ಹೋಗಿ ಮಾಮನಿಗೆ ಫೋನ್ ಮಾಡಿದೆ. ನನ್ನ ಮೊಬೈಲಿನಲ್ಲಿ ದುಡ್ಡಿರಲಿಲ್ಲ.

‘ಮಾಮ, ನಾಟಕ ನಡೀತಿದೆ ಅಲ್ಲಿ. ನಾಳೆ ಒಂದು ದಿನಕ್ಕೆ ಮಕ್ಕಳನ್ನು ಕರೆಸ್ತಿದ್ದಾರೆ. ನೀವು ನಾಳೆ ಹೋಗಬೇಡಿ. ನಾಡಿದ್ದು ಹೋಗಿ. ಬುಧವಾರ ಹೋಗಿ.’

‘ಮಂಗಳವಾರ ಅಂತ ಮಾತು ಕೊಟ್ಟಿದ್ದೀನಿ,’ ಎಂದರು ಮಾಮ. ‘ಕಣ್ಣಾರೆ ನೋಡ್ತೀನಲ್ಲ, ಬಿಡು.’

ಮಾತು ಕೊಟ್ಟಿದ್ದರಂತೆ. ಯಾರಿಗೆ? ಆ ಬೀಗ ಹಾಕಿದವನಿಗೆ. ಅಂಗಡಿಯ ಭಯ್ಯಾ ನನ್ನನ್ನು ಗಾಬರಿಯಿಂದ ನೋಡುತ್ತಿದ್ದ. ರಿಸೀವರನ್ನು ನಾನು ಅಷ್ಟು ಜೋರಾಗಿ ಕುಕ್ಕಿದ್ದೆ.

ಮಂಗಳವಾರ ಬೆಳಿಗ್ಗೆ ಭಾಬಿ ಮಗುವಿಗೆ ಹೊಸ ಫ್ರಾಕು ಹಾಕಿ, ಕಾಡಿಗೆ ಹಚ್ಚಿ, ದೃಷ್ಟಿಗೆಂದು ಹಣೆಯ ಬದಿಗೊಂದು ಬೊಟ್ಟಿಟ್ಟು ಬಸ್ಸು ಹತ್ತಿದಳು. ಸಂಜೆ ಮಗು ಅವಳ ಭುಜದ ಮೇಲೆ ನಿದ್ದೆಹೋಗಿತ್ತು. ಭಾಬಿಯ ಮುಖ ಹಬ್ಬಕ್ಕೆ ಹೋಗಿಬಂದವಳ ಮುಖದಂತಿತ್ತು. ಸೂಪರ್‌ವೈಸರನೇ ಬಂದು, ಹೋಗಮ್ಮ, ಮಗುವಿಗೆ ಹಾಲು ಕೊಟ್ಟು ಬಾ ಎಂದನಂತೆ. ಎರಡು ಸಲ ಕಳಿಸಿದನಂತೆ. ಬುಧವಾರ ಬೆಳಿಗ್ಗೆ ಮಗುವನ್ನು ಎತ್ತಿಕೊಂಡೇ ಹೋದಳು. ಗೇಟಿನಲ್ಲೇ ತಡೆದರು. ಇವತ್ತು ಯಾಕೆ ತಂದೆ ಎಂದು ಕೇಳಿದರಂತೆ. ಮಗುವನ್ನು ಮನೆಗೆ ಬಿಟ್ಟು ಮತ್ತೆ ಹೋಗುವಷ್ಟರಲ್ಲಿ ಅರ್ಧ ದಿನದ ಹಾಜರಿ ಹೋಗಿತ್ತು. ಕೋಣೆಯೊಳಕ್ಕೆ ಡಬ್ಬಗಳು ವಾಪಸು ಬಂದಿದ್ದವು, ಬೀಗವೂ.

ಮುಂದಿನ ಭಾನುವಾರ ನಾನು ದ್ವಾರಕಾಕ್ಕೆ ಜಗಳಕ್ಕೆಂದೇ ಹೋದೆ. ಆದರೆ ಬಾಯಿ ತೆರೆಯುವ ಮೊದಲೇ ಮಾಮ ಶುರುಮಾಡಿದರು. ಊಟದ ತಟ್ಟೆಯ ಮುಂದೆ ಕೂತಿದ್ದೆವು. ‘ನೀನು ಹೇಳಿದ್ದು ಸ್ವಲ್ಪ ಅತಿಯಾಯ್ತು ಕಣೇ. ಕೋಣೆ ಚೆನ್ನಾಗೇ ಇದೆ. ಆಯಾ ಇದ್ದಾಳೆ, ಹಾಸಿಗೆ ಇದೆ. ಏಳೆಂಟು ಮಕ್ಕಳಿದ್ದವು. ಒಂದು ಗುಂಡುಮರಿ ನನ್ನ ಕನ್ನಡಕ ಕಿತ್ಕೊಂಡು ಬಿಡಲೇ ಇಲ್ಲ, ಹಣೆ ಬದಿಗೆ ಇಷ್ಟು ದಪ್ಪ ದೃಷ್ಟಿಬೊಟ್ಟು,’ ಎಂದು ನಕ್ಕರು. ಅತ್ತೆಯೂ ನಕ್ಕರು.

‘ಅದು ನನ್ನ ಪಕ್ಕದ ರೂಮಿನ ಮಗು,’ ಎಂದೆ.

ನಗು ನಿಂತಿತು. ನಾನು ನಿಲ್ಲಿಸಲಿಲ್ಲ. ಬುಧವಾರ ಗೇಟಿನಲ್ಲಿ ನಡೆದದ್ದು ಹೇಳಿದೆ, ಮಂಚದ ಕಾಲು ಹೇಳಿದೆ, ಮೆಟ್ಟಿಲು ಹೇಳಿದೆ. ‘ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರೆ. ನೀವು ಮೇಯಲಿಲ್ಲ ಮಾಮ, ನಿಜ. ಆದರೆ ಬೇಲಿ ಇಂಥ ದಿನ ಮಾತ್ರ ಇರುತ್ತೆ ಅಂತ ದನಗಳಿಗೆ ಮುಂಚೆನೇ ಹೇಳಿ ಕಳಿಸಿದ್ರಿ. ವಸೂಲಿಗೆ ಹೋಗೋ ಆ ಕಳ್ಳರೇ ವಾಸಿ. ಅವರು ಬರ್ತಾರೆ ಅನ್ನೋ ಹೆದರಿಕೆಗಾದ್ರೂ ಎರಡು ದಿನ ಬೀಗ ತೆಗೆದಿರುತ್ತಿತ್ತೋ ಏನೋ!’

‘ಊಟಕ್ಕೆ ಕೂತಾಗ ಇಂಥ ಮಾತು ಬೇಕಿತ್ತಾ?’ ಎಂದರು ಅತ್ತೆ.

ಮಾಮ ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಿನಲ್ಲಿ ಒಂದು ಕಡೆಗೆ ಸರಿಸಿದರು. ಅವರ ಮುಖದಲ್ಲಿ ನೋವು ಕಾಣುತ್ತಿತ್ತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಕೊನೆಗೆ ಅವರು, ‘ನಾನು ನೋಡಿದ್ದನ್ನು ಬರೆದೆ. ನೋಡದೇ ಇದ್ದದ್ದನ್ನು ಹೇಗೆ ಬರೀಲಿ?’ ಎಂದರು.

‘ಹಾಗಾದ್ರೆ ನಾಳೆ ಹೋಗಿ ನೋಡಿ. ಹೇಳದೆ.’

‘ನೋಡ್ತೀನಿ,’ ಎಂದು ಕೈ ತೊಳೆಯಲು ಎದ್ದರು.

ಆ ವಾರ ಪತ್ರಾಗಾರದಲ್ಲಿ ಕೂತಾಗ ನನಗೆ ಓದಲಾಗಲಿಲ್ಲ. ಅದೇ ಸಾಹೇಬರು, ಅದೇ ವರದಿಗಳು. ಆದರೆ ಇಷ್ಟು ದಿನ ನಾನು ಅವರನ್ನು ತಪ್ಪು ಕಾರಣಕ್ಕೆ ಬೈದಿದ್ದೆ. ಅವರಲ್ಲಿ ಹೆಚ್ಚಿನವರು ಲಂಚ ತಿಂದವರಲ್ಲ. ಮರ್ಯಾದಸ್ಥರು. ಮರ್ಯಾದಸ್ಥನೊಬ್ಬ ಇನ್ನೊಬ್ಬ ಮರ್ಯಾದಸ್ಥನ ಬಾಗಿಲಿಗೆ ಹೇಳದೆ ಹೋಗಬಾರದು ಎಂದು ನಂಬಿದ್ದವರು. ಆ ಮರ್ಯಾದೆಯ ಲೆಕ್ಕದಲ್ಲಿ ಮೂಟೆಯ ಹಿಂದೆ ಅಡಗಿದವರು ಬರುತ್ತಲೇ ಇರಲಿಲ್ಲ. ಹೋಗುವಾಗ ಅವರು ನಮಗೆ ಕಾಯಿದೆಯನ್ನು ಕೊಟ್ಟುಹೋದರು, ಜೊತೆಗೆ ಅದನ್ನು ಜಾರಿಮಾಡುವ ಶಿಷ್ಟಾಚಾರವನ್ನೂ. ನಾವು ಕಾಯಿದೆಯನ್ನು ತಿದ್ದಿ ಇನ್ನೂ ಒಳ್ಳೆಯದು ಮಾಡಿಕೊಂಡೆವು. ಶಿಷ್ಟಾಚಾರಕ್ಕೆ ನಮ್ಮ ಮಡಿಯನ್ನು ಸೇರಿಸಿ ಇನ್ನೂ ಗಟ್ಟಿ ಮಾಡಿಕೊಂಡೆವು. ಮಾಮನ ಮಡಿ ಕಾಪಾಡಿದ್ದು ಮಾಮನನ್ನು. ಅವರ ಕೈ ಕೊಳೆಯಾಗಲಿಲ್ಲ, ಅಷ್ಟೆ. ಮಗುವಿನ ಸೊಂಟದ ದುಪಟ್ಟಾ ಬಿಚ್ಚಲಿಲ್ಲ.

ಇತ್ತ ಮಗುವಿಗೆ ಜ್ವರ ಬಂತು. ಮೂರು ದಿನ ಭಾಬಿ ಕೆಲಸಕ್ಕೆ ಹೋಗಲಿಲ್ಲ. ಇನ್ನೊಂದು ದಿನ ತಪ್ಪಿದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಕಾರ್ಖಾನೆಯಿಂದ ಹೇಳಿಕಳಿಸಿದರು. ಗಂಡ ರಜೆ ಹಾಕಿ, ಜ್ವರ ಬಿಟ್ಟ ಮಾರನೆಯ ದಿನವೇ ಮಗುವನ್ನು ಎತ್ತಿಕೊಂಡು ರೈಲು ಹತ್ತಿದ. ಭಾಬಿ ಸ್ಟೇಷನ್ನಿಗೆ ಹೋಗಲಿಲ್ಲ. ಅವತ್ತೂ ಹೋಗಿ ದಾರ ಕತ್ತರಿಸಿ ಬಂದಳು. ಬಂದವಳು ನನ್ನ ರೂಮಿನ ಬಾಗಿಲಲ್ಲಿ ನಿಂತು, ‘ದೀದಿ, ಮಾಮಾಜಿ ಮತ್ತೆ ಯಾವಾಗ ಬರ್ತಾರೆ?’ ಎಂದು ಕೇಳಿದಳು. ‘ತಿಂಗಳಿಗೊಂದು ಸಲ ಬರ್ತೀನಿ ಅಂತ ಹೇಳಿದ್ರೆ, ಅವಳನ್ನು ವಾಪಸು ಕರೆಸ್ಕೊಳ್ತೀನಿ. ತಿಂಗಳಲ್ಲಿ ಒಂದು ದಿನವಾದ್ರೂ ಹತ್ತಿರ ಇರ್ತಾಳಲ್ಲ.’

ಅವಳಿಗೆ ನನ್ನ ಮೇಲೆ ಕೋಪವಿರಲಿಲ್ಲ. ಮಾಮನ ಮೇಲೂ ಇರಲಿಲ್ಲ. ಆ ನಾಟಕದ ದಿನ ಅವಳ ಪಾಲಿಗೆ ಇಡೀ ವರ್ಷದ ಒಳ್ಳೆಯ ದಿನವಾಗಿತ್ತು. ಅವಳ ಬದಲಿಗೆ ಕೋಪವನ್ನೂ ನಾವೇ ಮಾಡಿಕೊಳ್ಳಬೇಕು, ಅವಳಿಗೆ ಅಷ್ಟು ಪುರುಸೊತ್ತೂ ಇಲ್ಲ ಎಂದು ಯೋಚಿಸಿ ನಾನು ಆ ರಾತ್ರಿ ಊಟ ಮಾಡದೆ ಮಲಗಿದೆ.

ಅದಾಗಿ ಎರಡು ವಾರಕ್ಕೆ ಮಾಮ ತಾವಾಗಿಯೇ ಫೋನ್ ಮಾಡಿದರು. ದನಿಯಲ್ಲಿ ಉತ್ಸಾಹವಿತ್ತು. ‘ನೀನು ಹೇಳಿದ್ದು ಮನಸ್ಸಿಗೆ ನಾಟ್ತು ಕಣೇ. ಆ ಕಾರ್ಖಾನೆಗೆ ಮತ್ತೆ ಹೋಗ್ತಿದ್ದೀನಿ. ಈ ಸಲ ಸುಮ್ಮನೆ ಸುತ್ತು ಹಾಕಿ ಬರಲ್ಲ. ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲೇ ಕೂತು ನೋಡ್ತೀನಿ,’ ಎಂದರು.

‘ಹೇಳಿದ್ದೀರಾ ಅವರಿಗೆ?’

‘ಗುರುವಾರ ಅಂತ ಹೇಳಿದ್ದೀನಿ. ಕಳ್ಳನ ಹಾಗೆ ಹೋಗೋಕೆ ಆಗಲ್ಲ ಮರಿ, ಈ ವಯಸ್ಸಲ್ಲಿ,’ ಎಂದರು.

ಅವರು ನಿಜವಾಗಿಯೂ ತಿದ್ದಿಕೊಂಡಿದ್ದರು, ತಮ್ಮ ಮಡಿ ಕೆಡದಷ್ಟು.

ಬುಧವಾರ ಸಂಜೆ ಭಾಬಿ ಬಂದಳು. ಈ ಸಲ ಮೆಟ್ಟಿಲು ಓಡಿ ಹತ್ತಲಿಲ್ಲ. ನಾಳೆ ಸಾಹೇಬರು ಬರುತ್ತಾರೆ, ಹೋದ ಸಲ ಮಗು ತಂದವರೆಲ್ಲ ಮತ್ತೆ ತರಬೇಕು ಎಂದು ಸೂಪರ್‌ವೈಸರ್ ಹೇಳಿದ್ದ. ಮಗು ಊರಿಗೆ ಹೋಯಿತು ಎಂದು ಇವಳು ಹೇಳಿದಳಂತೆ. ‘ನಿನ್ನ ಮಗುವನ್ನು ಸಾಹೇಬರು ಎತ್ತಿ ಆಡಿಸಿದ್ದಾರೆ, ಕೇಳ್ತಾರೆ. ಯಾವುದಾದರೂ ಮಗು ತಾ. ಇಲ್ಲದಿದ್ರೆ ನೀನೂ ಊರಿಗೆ ಹೋಗು,’ ಎಂದನಂತೆ. ಕೆಳಗಿನ ಮನೆಯವಳಿಗೆ ಇನ್ನೂ ನಡೆಯಲು ಬಾರದ ಒಂದು ಮಗುವಿತ್ತು. ಭಾಬಿ ಅವಳ ಕಾಲು ಹಿಡಿದು ಕೇಳಿದಳು. ಅವಳು ಪಾಪ, ಒಪ್ಪಿದಳು. ನಾನು ಹೋಗಬೇಡ ಎಂದೆ, ನಾನೇ ಬಂದು ಸಾಹೇಬರಿಗೆ ಹೇಳುತ್ತೇನೆ ಎಂದೆ. ಭಾಬಿ ಕೈಮುಗಿದಳು. ‘ನೀವು ಏನೂ ಮಾಡಬೇಡಿ ದೀದಿ. ನೀವು ಮಾಡಿದ್ರೆ ನನ್ನ ಕೆಲಸ ಹೋಗುತ್ತೆ.’

ಗುರುವಾರ ಸಂಜೆ ಮೊದಲು ಬಂದದ್ದು ಮಾಮನ ಫೋನು. ಕೋಣೆ ಇಡೀ ದಿನ ತೆರೆದಿತ್ತು, ಮಕ್ಕಳೆಲ್ಲ ಇದ್ದವು, ಹೋದ ಸಲ ಆ ಗುಂಡುಮರಿಗೆ ಹಾಲು ಕೊಡಲು ಬಂದಿದ್ದಳಲ್ಲ, ನಿನ್ನ ಪಕ್ಕದ ರೂಮಿನವಳು, ಅವಳನ್ನೂ ನೋಡಿದೆ, ಕೋಣೆಯಲ್ಲೇ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು, ಈಗ ಸಮಾಧಾನವಾಯಿತೇ ಎಂದರು. ಅದೇ ಮಗುವಾ ಮಾಮ ಎಂದು ಕೇಳಿದೆ. ‘ಮಕ್ಕಳೆಲ್ಲ ಒಂದೇ ಥರ ಕಾಣ್ತವೆ ಕಣೇ,’ ಎಂದರು.

ಭಾಬಿ ಬಂದಾಗ ಅವಳ ಕುಪ್ಪಸ ಎದೆಯ ಮೇಲೆ ತೊಯ್ದು ಒಣಗಿ ಗಟ್ಟಿಯಾಗಿತ್ತು. ಕೆಳಗಿನ ಮನೆಯವಳಿಗೆ ಮಗುವನ್ನು ಒಪ್ಪಿಸಿ, ಮೇಲೆ ಬಂದು ನನ್ನ ಮಂಚದ ಮೇಲೆ ಕೂತಳು. ನಾನು ಕೇಳದೆಯೇ ಹೇಳಿದಳು.

‘ಸಾಹೇಬರು ಎದುರಿಗೇ ಕುರ್ಚಿ ಹಾಕ್ಕೊಂಡು ಕೂತಿದ್ರು ದೀದಿ. ಮಗು ಅಳೋಕೆ ಶುರುಮಾಡ್ತು. ನನ್ನ ಹಾಲು ತಾನಾಗೇ ಇಳೀತು. ಬತ್ತಿಹೋಗಿದೆ ಅಂದ್ಕೊಂಡಿದ್ದೆ. ಸೂಪರ್‌ವೈಸರ್ ಕಣ್ಸನ್ನೆ ಮಾಡಿದ, ಕೊಡು ಅಂತ. ಸಾಹೇಬರು ಒಳ್ಳೆಯವರು, ಆ ಕಡೆ ಮುಖ ತಿರುಗಿಸಿದ್ರು. ನಾನು ಕೊಟ್ಟೆ.’